ವೈರಸ್‌ನ ಚೀಟಿಗೆ ಅಂಟುಪಟ್ಟಿ

ಮಕ್ಕಳೇ, ನೆಗಡಿಯಾದಾಗ ಆಂಟಿಬಯೋಟಿಕ್ ಮಾತ್ರೆ ಕೇಳಿದರೆ ಡಾಕ್ಟರು ಬೇಡ ಎನ್ನುವುದೇಕೆ ಗೊತ್ತೇ? ಆ ಮಾತ್ರೆ ಬ್ಯಾಕ್ಟೀರಿಯಾಗಳ ಮೇಲಷ್ಟೇ ಕೆಲಸ ಮಾಡುತ್ತದೆ. ನೆಗಡಿ ತರುವುದು ವೈರಸ್. ಅದಕ್ಕೆ ಸ್ವಂತ ಅಡುಗೆಮನೆಯೇ ಇಲ್ಲ! ನಮ್ಮ ಜೀವಕೋಶದೊಳಗೆ ನುಗ್ಗಿ, ‘ನನ್ನಂಥವರನ್ನು ಮಾಡಿಕೊಡು’ ಎಂಬ ಚೀಟಿ ಕೊಡುತ್ತದೆ. ಪಾಪ, ಜೀವಕೋಶ ಅದನ್ನು ಓದಿ ಹಾಗೆಯೇ ಮಾಡಿಕೊಡುತ್ತದೆ. ಆ ಚೀಟಿಯ ಹೆಸರು ಆರ್‌ಎನ್‌ಎ.

ಚೀಟಿಯಲ್ಲಿರುವುದು ನಾಲ್ಕೇ ಅಕ್ಷರ: ಎ, ಯು, ಜಿ, ಸಿ. ಎ ಜೊತೆ ಯು, ಜಿ ಜೊತೆ ಸಿ ಜೋಡಿಯಾಗುತ್ತವೆ. ಹಾಗಾದರೆ ಚೀಟಿಯ ಒಂದು ಸಾಲಿಗೆ ಸರಿಜೋಡಿಯಾಗುವ ಅಕ್ಷರಗಳ ಪಟ್ಟಿ ಮಾಡಿ ಮೇಲೆ ಅಂಟಿಸಿದರೆ? ಓದಲು ಆಗುವುದಿಲ್ಲ, ಅಲ್ಲವೇ?

1978ರಲ್ಲಿ ಅಮೆರಿಕದ ಪಾಲ್ ಝಮೆಕ್ನಿಕ್ ಮತ್ತು ಮೇರಿ ಸ್ಟೀಫನ್‌ಸನ್ ಮಾಡಿದ್ದು ಇದನ್ನೇ. ಕೋಳಿಗಳಲ್ಲಿ ಗಡ್ಡೆ ಬೆಳೆಸುವ ರೌಸ್ ವೈರಸ್ಸಿನ ಆರ್‌ಎನ್‌ಎ ತುದಿಗೆ ಹೊಂದುವ, ಬರೀ 13 ಅಕ್ಷರಗಳ ಡಿಎನ್‌ಎ ತುಣುಕು ತಯಾರಿಸಿದರು. ಕೋಳಿಯ ಜೀವಕೋಶಗಳಿಗೆ ಅದನ್ನು ಸೇರಿಸಿದಾಗ ವೈರಸ್ ಹೆಚ್ಚುವುದು ತಗ್ಗಿತು.

ಅದು ಔಷಧಿಯಾಗಲು ಮಾತ್ರ 20 ವರ್ಷ ಹಿಡಿಯಿತು. ಒಂದು ತೊಂದರೆ ಲೆಕ್ಕದ್ದು. ನಾಲ್ಕು ಅಕ್ಷರಗಳಿಂದ 13 ಅಕ್ಷರದ ಸಾಲನ್ನು ಸುಮಾರು 6.7 ಕೋಟಿ ಬಗೆಯಲ್ಲಿ ಬರೆಯಬಹುದು. ದೊಡ್ಡ ಸಂಖ್ಯೆ ಎನಿಸಿತೇ? ನಮ್ಮ ಡಿಎನ್‌ಎಯಲ್ಲೇ ಸುಮಾರು 300 ಕೋಟಿ ಅಕ್ಷರಗಳಿವೆ! ಅದೇ ಸಾಲು ನಮ್ಮಲ್ಲೂ ಎಲ್ಲೋ ಇದ್ದುಬಿಟ್ಟರೆ ಪಟ್ಟಿ ನಮ್ಮದೇ ಚೀಟಿಗೂ ಅಂಟೀತು. 21 ಅಕ್ಷರವಾದರೆ 4 ಲಕ್ಷ ಕೋಟಿಗೂ ಹೆಚ್ಚು ಬಗೆ, ಆ ಭಯ ಕಡಿಮೆ. (ನಾಲ್ಕನ್ನು ನಾಲ್ಕರಿಂದ ಗುಣಿಸುತ್ತಾ ಹೋಗಿ, ಅಪ್ಪನಿಗೂ ಸುಸ್ತಾಗುತ್ತದೆ.) ಇನ್ನೊಂದು ತೊಂದರೆ, ಹೊರಗಿನಿಂದ ಬಂದ ತುಣುಕನ್ನು ನಮ್ಮ ಮೈಯ ಕಿಣ್ವಗಳು ಕತ್ತರಿಸಿ ಹಾಕುತ್ತವೆ. ಅದಕ್ಕೇ ತುಣುಕಿನ ಬೆನ್ನೆಲುಬಿನಲ್ಲಿ ಕೆಲವು ಆಮ್ಲಜನಕದ ಜಾಗಕ್ಕೆ ಗಂಧಕ ಕೂರಿಸಿದರು. ಕತ್ತರಿ ಮೊಂಡಾಯಿತು.

ಹೀಗೆ ಬಂದದ್ದು 21 ಅಕ್ಷರಗಳ ಫೊಮಿವಿರ್ಸೆನ್. ಏಡ್ಸ್ ರೋಗಿಗಳ ಕಣ್ಣಿಗೆ ಸೈಟೊಮೆಗಲೊ ಎಂಬ ವೈರಸ್ ತಗುಲಿ ದೃಷ್ಟಿಯೇ ಹೋಗುತ್ತಿತ್ತು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧಿಯನ್ನು ನೇರ ಕಣ್ಣಿನೊಳಗೇ ಚುಚ್ಚಬೇಕಿತ್ತು. ಅಬ್ಬಾ! ಆದರೂ ಕುರುಡಾಗುವುದಕ್ಕಿಂತ ವಾಸಿ.

ಆ ಹೊತ್ತಿಗೆ ಎಚ್‌ಐವಿಗೇ ಒಳ್ಳೆಯ ಔಷಧಿಗಳು ಬಂದಿದ್ದವು. ಕಣ್ಣಿನ ಆ ಸೋಂಕು ಬಹಳ ಕಡಿಮೆಯಾಯಿತು, ಫೊಮಿವಿರ್ಸೆನ್ ಕೇಳುವವರೂ ಕಡಿಮೆಯಾದರು. ಕೆಲವೇ ವರ್ಷಗಳಲ್ಲಿ ಅದರ ಮಾರಾಟ ನಿಂತುಹೋಯಿತು.