ಬಿಡದಿಯ ಬಾಡಿಗೆಯೂ ವರದಕ್ಷಿಣೆಯೇ

"ನಮಗೆ ವರದಕ್ಷಿಣೆ ಬೇಡ. ಮದುವೆ ಚೆನ್ನಾಗಿ ಮಾಡಿಕೊಡಿ, ನಮ್ಮ ಕಡೆಯವರನ್ನು ಚೆನ್ನಾಗಿ ನೋಡಿಕೊಳ್ಳಿ, ಅಷ್ಟೇ ಸಾಕು."

ಈ ಮಾತು ಕೇಳಿ ಸಮಾಧಾನದ ಉಸಿರು ಬಿಟ್ಟ ಹೆಣ್ಣು ಹೆತ್ತವರು ಎಷ್ಟು ಮಂದಿ! ನನ್ನ ತಮ್ಮನೂ ಅವರಲ್ಲೊಬ್ಬ. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿದ ನಾನೂ ಆ ದಿನ ತಲೆದೂಗಿದೆ. ವಾರದೊಳಗೆ ಗಂಡಿನ ಕಡೆಯಿಂದ ಪಟ್ಟಿ ಬಂತು. ಮದುವೆ ಮೈಸೂರಿನಲ್ಲಿ, ಛತ್ರದ ಕೋಣೆಗಳು ಆಗುವುದಿಲ್ಲ, ಒಳ್ಳೆಯ ಹೋಟೆಲಿನಲ್ಲಿ ನಲವತ್ತು ಎ.ಸಿ. ರೂಮುಗಳು, ಎರಡು ರಾತ್ರಿಗೆ.

ತಮ್ಮನ ಜೊತೆ ಹೋಟೆಲಿಗೆ ಹೋದವಳು ನಾನು. ಚೌಕಾಸಿ ಮಾಡಿ ದರ ಇಳಿಸಿದೆನೆಂದು ಹೆಮ್ಮೆಪಟ್ಟವಳೂ ನಾನೇ. ರೂಮಿಗೆ ದಿನಕ್ಕೆ 5,500 ರೂಪಾಯಿಯಂತೆ 4,40,000 ಆಯಿತು. ತೆರಿಗೆ, ಹೆಚ್ಚುವರಿ ಹಾಸಿಗೆ ಬೇರೆ. ಅರ್ಧ ಹಣ ಮುಂಗಡ. ಬೇಡದ ರೂಮುಗಳನ್ನು ಮದುವೆಗೆ ಒಂದು ತಿಂಗಳು ಮೊದಲೇ ಬಿಟ್ಟುಕೊಡಬೇಕು; ಆ ದಿನ ದಾಟಿದರೆ ಜನ ಬರಲಿ ಬಿಡಲಿ, ಪೂರ್ತಿ ಬಾಡಿಗೆ. ಗುಂಪಿಗೆಂದು ರೂಮು ಹಿಡಿಯುವಾಗ ಇಂಥ ಷರತ್ತು ಹೊಸದಲ್ಲ. ಹೋಟೆಲಿನವರದು ವ್ಯಾಪಾರ, ಅವರನ್ನು ನಾನು ದೂರುವುದಿಲ್ಲ. ಎಷ್ಟು ಜನ ಬರುತ್ತಾರೆಂದು ತಮ್ಮ ಬೀಗರಿಗೆ ಮೂರು ಸಲ ಫೋನ್ ಮಾಡಿದ. "ನಿಮಗೆ ಭಾರವಾದರೆ ಹೇಳಿಬಿಡಿ" ಎಂಬ ಉತ್ತರ ಬಂತು. ಹಾಗೆ ಹೇಳುವ ಧೈರ್ಯ ಯಾವ ಹೆಣ್ಣಿನ ಅಪ್ಪನಿಗಿದೆ? ಮದುವೆಗೆ ಹನ್ನೊಂದು ರೂಮುಗಳ ಬಾಗಿಲು ತೆರೆಯಲೇ ಇಲ್ಲ. ಆ ಖಾಲಿ ರೂಮುಗಳಿಗೆ ನನ್ನ ತಮ್ಮ ತೆತ್ತದ್ದು 1,21,000 ರೂಪಾಯಿ.

"ಹಿಂದೆಯೂ ಬಿಡದಿ ಕೊಡುತ್ತಿರಲಿಲ್ಲವೇ?" ಎಂದು ನೀವು ಕೇಳಬಹುದು. ನಿಜ. ನೆರೆಮನೆಯ ಪಡಸಾಲೆ, ರಜೆಯಲ್ಲಿ ಖಾಲಿಯಿದ್ದ ಶಾಲೆ, ಅಲ್ಲಿಗೆ ಜಮಖಾನ, ಬಿಸಿನೀರು, ಕಾಫಿ. ಅದನ್ನು ಹೊಗಳಲು ನಾನು ಬರೆಯುತ್ತಿಲ್ಲ. ಕಾಫಿ ಆರಿತ್ತೆಂದು ಬಿಡದಿಯಲ್ಲಿ ಮುನಿಸಿಕೊಂಡ ಬೀಗರ ಮುಂದೆ ಹುಡುಗಿಯ ತಂದೆ ಕೈಮುಗಿದು ನಿಂತದ್ದನ್ನು ಚಿಕ್ಕಂದಿನಲ್ಲೇ ಕಂಡವಳು ನಾನು. ಗಂಡಿನ ಕಡೆಯವರು ಮೇಲು, ಹೆಣ್ಣಿನ ಕಡೆಯವರು ಕೀಳು ಎಂಬ ಅದೇ ವ್ಯವಸ್ಥೆ ಇಂದು ಲಿಫ್ಟು ಹತ್ತಿ ಮೂರನೇ ಮಹಡಿಗೆ ಹೋಗಿದೆ, ಅಷ್ಟೇ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಹುಡುಗನ ದೊಡ್ಡಪ್ಪನಿಗೆ ಸಿಕ್ಕ ರೂಮಿಗೆ ಕಿಟಕಿ ಇರಲಿಲ್ಲವಂತೆ. ಅದು ನಮ್ಮ ಹುಡುಗಿಯ ಅಪರಾಧವಾಯಿತು. "ನಿಮ್ಮಪ್ಪ ನಮ್ಮವರನ್ನು ಗೂಡಿನಲ್ಲಿ ಮಲಗಿಸಿದ" ಎಂಬ ಮಾತನ್ನು ಎಂಟು ತಿಂಗಳು ಕೇಳಿದಳು. ಒಂದು ರಾತ್ರಿ ಎದುರು ಮಾತಾಡಿದ್ದಕ್ಕೆ ಗಂಡ ಹೊಡೆದ. ಮೊದಲ ಸಲವಲ್ಲವೆಂದು ನಮಗೆ ತಿಳಿದದ್ದು ಅವಳು ತವರಿಗೆ ಬಂದ ಮೇಲೆ.

ಆಗ ನಾವು ಕಾಗದಪತ್ರ ತೆಗೆದು ಕೂತೆವು. ಒಡವೆಗೆ ರಸೀದಿ ಇತ್ತು, ಪಾತ್ರೆಗೆ ಇತ್ತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಆರನೇ ಕಲಮಿನಂತೆ ವರದಕ್ಷಿಣೆಯಾಗಿ ಯಾರ ಕೈ ಸೇರಿದ್ದನ್ನೂ ಅವರು ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕು. ಉಡುಗೊರೆಗಳ ಪಟ್ಟಿ ಇಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಆದರೆ ಹೋಟೆಲಿನ ಬಿಲ್ಲನ್ನು ಯಾವ ಪಟ್ಟಿಯಲ್ಲಿ ಬರೆಯುವುದು? ಚಿನ್ನವನ್ನು ಮರಳಿ ಕೇಳಬಹುದು. ಬೇರೆಯವರು ಮಲಗಿ ಎದ್ದುಹೋದ ರಾತ್ರಿಗಳನ್ನು ಯಾರಿಂದ ಕೇಳುವುದು? ಹೆಣ್ಣಿನ ಹೆಸರಿನಲ್ಲಿ ಖರ್ಚಾಗಿ, ಹೆಣ್ಣಿಗೆ ಒಂದು ಕಾಸೂ ಉಳಿಸದ ವರದಕ್ಷಿಣೆ ಇದು. ಕುರುಹಿಲ್ಲದ್ದರಿಂದಲೇ "ಸುಸಂಸ್ಕೃತ" ಮನೆತನಗಳಿಗೆ ಇದು ಅಚ್ಚುಮೆಚ್ಚು.

"ಇದು ಆತಿಥ್ಯ, ಆಸ್ತಿಯಲ್ಲ" ಎಂದು ವಕೀಲರು ವಾದಿಸಬಹುದು. ಆದರೆ ನೇರವಾಗಿ ಕೊಟ್ಟದ್ದಷ್ಟೇ ಅಲ್ಲ, ಪರೋಕ್ಷವಾಗಿ ಕೊಟ್ಟದ್ದೂ ವರದಕ್ಷಿಣೆ ಎಂದು ಕಾಯ್ದೆಯೇ ಹೇಳುತ್ತದೆ. ಮನೆ ಕಟ್ಟಲೆಂದು ಕೇಳಿದ ಹಣವೂ ವರದಕ್ಷಿಣೆಯೇ, ಆ ಪದವನ್ನು ವಿಶಾಲವಾಗಿ ಅರ್ಥೈಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿತು. ಬಲವಂತದ ಆತಿಥ್ಯಕ್ಕೆ ಸುಲಿಗೆಯೆಂದಲ್ಲದೆ ಬೇರೆ ಹೆಸರಿಲ್ಲ.

ಹಾಗಾದರೆ ಏನು ಮಾಡೋಣ? 1966ರಲ್ಲಿ ಕುವೆಂಪು ಅವರು ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ಸರಳ ಕ್ರಮದಲ್ಲಿ ನಡೆಸಿದರು. ಆ ದಾರಿ ಇಂದಿಗೂ ತೆರೆದಿದೆ. ಅಷ್ಟು ದೂರ ಬರಲಾರದವರು ಇಷ್ಟಾದರೂ ಮಾಡಿ. ರೂಮುಗಳನ್ನು ಒಟ್ಟಾಗಿಯೇ ಹಿಡಿಯಿರಿ, ಇಳಿದ ದರ ಎಲ್ಲರಿಗೂ ಸಿಗಲಿ. ಆದರೆ ಉಳಿದುಕೊಂಡವರು ತಮ್ಮ ಬಿಲ್ಲು ತಾವೇ ಕಟ್ಟಲಿ. ಹಾಗೆ ಬೇರೆ ಬೇರೆ ಬಿಲ್ಲು ಮಾಡುವುದು ಹೋಟೆಲಿನವರಿಗೆ ಕಷ್ಟದ ಕೆಲಸವಲ್ಲ. ಮುಂಗಡವನ್ನು ಎರಡೂ ಕಡೆಯವರು ಹಾಕಲಿ. ಗಂಡಿನ ಕಡೆಯಿಂದ ಬಂದ ರೂಮುಗಳ ಪಟ್ಟಿಯನ್ನು, ಫೋನಿಗೆ ಬಂದ ಸಂದೇಶವನ್ನು ಅಳಿಸಬೇಡಿ. ನಾಳೆ ಅದೇ ಸಾಕ್ಷಿ. ಕೊಟ್ಟವರೂ ತಪ್ಪಿತಸ್ಥರಲ್ಲವೇ ಎಂಬ ಹೆದರಿಕೆ ಬೇಡ. ನೊಂದವರು ಕೊಟ್ಟ ಹೇಳಿಕೆಯ ಆಧಾರದ ಮೇಲೆ ಅವರ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆಯ ಏಳನೇ ಕಲಮು ರಕ್ಷಣೆ ಕೊಡುತ್ತದೆ.

ಗಂಡುಮಕ್ಕಳ ತಾಯಂದಿರೇ, ಈ ಮಾತು ಮುಖ್ಯವಾಗಿ ನಿಮಗೆ. "ನಮ್ಮ ಜನರ ರೂಮಿನ ಖರ್ಚು ನಮ್ಮದು" ಎಂದು ಮಾತುಕತೆಯ ದಿನವೇ ನೀವು ಹೇಳಿಬಿಡಿ. ಹೆಣ್ಣಿನ ಅಪ್ಪ ಅದನ್ನು ಕೇಳಲಾರ. ನನ್ನ ತಮ್ಮನೂ ಕೇಳಲಿಲ್ಲ. ಪಕ್ಕದಲ್ಲೇ ಕೂತಿದ್ದ ನಾನೂ ಕೇಳಲಿಲ್ಲ. ಅವನ ಮಗಳು ಈಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಮದುವೆಯ ಸಾಲದ ಕಂತು ಇನ್ನೂ ತೀರಿಲ್ಲ.