ಬೆನ್ನಿಗೆ ಸ್ಕ್ರೂ, ಬಾಯಿಗೆ ಬೀಗವೇ?

ಕನ್ನಡದ ಯುವಕ ಯುವತಿಯರೇ,

ಸಂಡೂರು ತಾಲ್ಲೂಕಿನ ಯಶವಂತನಗರದ ಕಡೆ ಅದಿರು ಅಗೆದು, ಲಾರಿ ಓಡಿಸಿ ಬೆನ್ನು ಸವೆಸಿದ ದುಡಿಮೆಗಾರರನ್ನು ನೆನೆಯಿರಿ. ಅವರಲ್ಲೊಬ್ಬರು ನಾಳೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬಂದರೆ ಎದುರಾಗುವುದೇನು? "ರೋಬೋಟ್ ಆಪರೇಷನ್" ಎಂಬ ಮಾತು, ಒಂದು ಇಂಗ್ಲಿಷ್ ಕಾಗದ, "ಇಲ್ಲಿ ಸಹಿ ಹಾಕಿ" ಎಂಬ ಅಪ್ಪಣೆ!

ಸಂಗತಿ ಇಷ್ಟೇ. ಸಡಿಲವಾದ ಬೆನ್ನುಮೂಳೆಗಳನ್ನು ಸ್ಕ್ರೂ, ಸರಳು ಹಾಕಿ ಬಿಗಿಯುತ್ತಾರೆ. ಸ್ಕ್ರೂ ಹೋಗುವ ದಾರಿ ಹಲವೆಡೆ ಒಂದು ಸೆಂಟಿಮೀಟರ್ ಅಗಲವೂ ಇಲ್ಲ. ಪಕ್ಕದಲ್ಲೇ ಬೆನ್ನುಹುರಿ, ನರಗಳು. ಸಿ.ಟಿ. ಸ್ಕ್ಯಾನ್ ನೋಡಿ ವೈದ್ಯರು ದಾರಿ ಗುರುತಿಸುತ್ತಾರೆ. ರೋಬೋಟಿನ ತೋಳು ಆ ದಿಕ್ಕು ತಪ್ಪದಂತೆ ಹಿಡಿದು ನಿಲ್ಲುತ್ತದೆ. ಕೊರೆದು ಸ್ಕ್ರೂ ಬಿಗಿಯುವವರು ವೈದ್ಯರೇ. ಇಂಥ ಯಂತ್ರಕ್ಕೆ ಅಮೆರಿಕ 2004ರಲ್ಲೇ ಒಪ್ಪಿಗೆ ಕೊಟ್ಟಿದೆ. ಇಷ್ಟನ್ನು ಹೇಳಲು ಕನ್ನಡ ಸಾಲದೇ?

2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಚಿಕಿತ್ಸೆಯ ಸ್ವರೂಪ, ಲಾಭ, ಅಪಾಯ, ಬೇರೆ ದಾರಿ ಎಲ್ಲವನ್ನೂ ತಿಳಿಸಿಯೇ ರೋಗಿಯ ಒಪ್ಪಿಗೆ ಪಡೆಯಬೇಕು. ತಿಳಿಯದ ನುಡಿಯಲ್ಲಿ ಹೇಳಿದರೆ ತಿಳಿಸಿದಂತಾಯಿತೇ?

ನಗರದಲ್ಲಿರುವ ನೀವು ಊರಿಂದ ಬಂದವರ ಜೊತೆ ಆಸ್ಪತ್ರೆಗೆ ಹೋಗಿ. ಕೇಳಿ: ಆಪರೇಷನ್ ಬೇಕೇಬೇಕೇ? ರೋಬೋಟ್ ಇಲ್ಲದೆ ಆಗದೇ? ಅದಕ್ಕೆಂದು ಹೆಚ್ಚು ಖರ್ಚೆಷ್ಟು? ಸ್ಕ್ರೂ ದಾರಿ ತಪ್ಪಿದರೆ ಮುಂದೇನು? ಪ್ರಾಣಾಪಾಯದ ತುರ್ತು ಇಲ್ಲದಿದ್ದರೆ, ಉತ್ತರ ಕನ್ನಡದಲ್ಲಿ ಸಿಗುವತನಕ ಪೆನ್ನು ಜೇಬಿನಲ್ಲೇ ಇರಲಿ!

ರೋಬೋಟ್ ಬರಲಿ, ಬೇಡವೆನ್ನುವವರಾರು? ಜೊತೆಗೆ ಕನ್ನಡದ ಒಪ್ಪಿಗೆ ಪತ್ರವೂ ಬರಲಿ. ಬೆನ್ನು ನಮ್ಮದು, ಸಹಿ ನಮ್ಮದು. ನುಡಿಯೂ ನಮ್ಮದೇ ಆಗಲಿ!