ಒಂದಕ್ಕೆ, ಎರಡಕ್ಕೆ

"ಡಾಕ್ಟ್ರೇ, ನಾಯಿಮರಿ ಕಾರ್ಪೆಟ್ಟಿನ ಮೇಲೆ ಮಾಡಿದ್ದರ ವಾಸನೆ ಹೋಗೋದಕ್ಕೆ ಏನು ಹಾಕಬೇಕು?" ಈ ಸಲದ ಯುಗಾದಿ ಊಟದ ಸಾಲಿನಲ್ಲಿ ಮೂರು ಮನೆಯವರು ಕೇಳಿದ ಪ್ರಶ್ನೆ. ನನ್ನ ಡಾಕ್ಟರೇಟು ರಸಾಯನಶಾಸ್ತ್ರದ್ದು, ಪಶುವೈದ್ಯದ್ದಲ್ಲ. ಆದರೆ ಮನೆಯಲ್ಲೊಂದು ಶಿತ್ಸು ಇರುವುದರಿಂದ ಬಾಯಿ ಹಾಕುತ್ತಿದ್ದೇನೆ. ಕೇಳಿದವರಲ್ಲಿ ಒಬ್ಬರು ಮರಿಯನ್ನು ಯಾರಿಗಾದರೂ ಕೊಟ್ಟುಬಿಡುವ ಯೋಚನೆಯಲ್ಲಿದ್ದಾರೆ. ಜೂನ್‌ನಲ್ಲಿ ಊರಿಂದ ಮಡಿಯ ಅತ್ತೆ ಬರುತ್ತಾರೆ. ಮಗಳೋ ಮರಿಯನ್ನು ಮಂಚದ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾಳಂತೆ.

ಮೊದಲು ವಾಸನೆ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳ ಯೂರಿಯೇಸ್ ಎಂಬ ಕಿಣ್ವ ಅಮೋನಿಯಾ ಮಾಡುತ್ತದೆ. ಹಾಗಿರುವಾಗ ಅಮೋನಿಯಾ ಬೆರೆತ ದ್ರಾವಣದಿಂದ ಒರೆಸಿದರೆ "ಇದೇ ನಿನ್ನ ಜಾಗ" ಎಂದು ಬೋರ್ಡು ಬರೆದು ಹಾಕಿದಂತೆ. ಬ್ಲೀಚ್ ಅಂತೂ ಬೇಡವೇ ಬೇಡ. ಅಮೋನಿಯಾ ಜೊತೆ ಸೇರಿ ಕ್ಲೋರಮೀನ್ ಎಂಬ ವಿಷಾನಿಲ ಆಗುತ್ತದೆ. ಬಟ್ಟೆಯಿಂದ ಒತ್ತಿ ಹೀರಿಸಿ, ಕಿಣ್ವಗಳಿರುವ ಕ್ಲೀನರನ್ನು ಕಾರ್ಪೆಟ್ಟಿನ ಕೆಳಗಿನ ಪ್ಯಾಡಿಗೂ ಇಳಿಯುವಷ್ಟು ಸುರಿದು, ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಬಿಡಿ. ಕಿಣ್ವಕ್ಕೆ ಸಮಯ ಬೇಕು, ನಮಗೆ ಅದೇ ಇಲ್ಲ. (ಯೂರಿಕ್ ಆಮ್ಲವೇ ಎಲ್ಲದಕ್ಕೂ ಕಾರಣ ಎನ್ನುವ ಜಾಹೀರಾತುಗಳನ್ನು ಅಷ್ಟಾಗಿ ನಂಬಬೇಡಿ. ಬಹುಪಾಲು ನಾಯಿಗಳ ದೇಹ ಅದನ್ನು ಅಲಾಂಟೊಯಿನ್ ಮಾಡಿಬಿಡುತ್ತದೆ. ಡಾಲ್ಮೇಷಿಯನ್ ಪ್ರಸಿದ್ಧ ಅಪವಾದ.)

ಆದರೆ ಒರೆಸುವುದು ಅರ್ಧ ಕೆಲಸ. ಊರಿನ ನಾಯಿಗಳಿಗೆ ಅಂಗಳ, ಹಿತ್ತಿಲು, ಬೀದಿ ಎಲ್ಲ ಇತ್ತು. ಒಳಗೆ ಇಣುಕಿದರೆ ಅಜ್ಜಿಯ "ಹಚಾ!" ಕೇಳಿ ಓಡುತ್ತಿದ್ದವು. ಹೀಗಾಗಿ ಒಂದಕ್ಕೆ, ಎರಡಕ್ಕೆ ಎಲ್ಲಿ ಎಂದು ನಾಯಿಗೆ ಕಲಿಸುವ ವಿದ್ಯೆ ನಮಗೆ ಹಿರಿಯರಿಂದ ಬಂದಿಲ್ಲ. ಗೊತ್ತಿರುವುದು ಗದರುವುದು, ಮೂತಿ ಉಜ್ಜುವುದು. "ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿ" ಅನ್ನುತ್ತೇವೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳ ಮೇಲೆ ಈ ಮುಖವನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಯಜಮಾನರು ಗದರಿದರೆ ಆ ಮುಖ ಬರುತ್ತಿತ್ತು. ನಾಯಿ ತಿಂಡಿ ಕದ್ದಿತ್ತೋ ಇಲ್ಲವೋ ಎನ್ನುವುದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಪೆಟ್ಟು ತಿಂದ ಮರಿ ಕಲಿಯುವುದು ಒಂದೇ: ಇವರ ಎದುರಿಗೆ ಮಾಡಬಾರದು. ಆಮೇಲೆ ನೀವು ಹಗ್ಗ ಹಿಡಿದು ಹೊರಗೆ ಅರ್ಧ ಗಂಟೆ ನಿಂತರೂ ಮಾಡುವುದಿಲ್ಲ. ಒಳಗೆ ಬಂದು ಸೋಫಾದ ಹಿಂದೆ ಮಾಡುತ್ತದೆ.

ಇಲ್ಲಿ ಬೇಕಾದದ್ದು ಗಡಿಯಾರ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದರೆ ಅಷ್ಟು ಗಂಟೆ ತಡೆದೀತು ಎಂದು ಇಲ್ಲಿಯ ರೂಢಿಯ ಲೆಕ್ಕ. ಅದು ಮೇಲಿನ ಮಿತಿ. ಚಿಕ್ಕ ಜಾತಿಯ ಮರಿಯ ಮೂತ್ರಕೋಶವೂ ಚಿಕ್ಕದು, ಇನ್ನೂ ಕಳೆಯಿರಿ. ನಮ್ಮಲ್ಲಿ ಮೊದಲ ತಿಂಗಳು ಹಗಲೆಲ್ಲ ಗಂಟೆಗೊಮ್ಮೆ ಹೊರಗೆ. ಅದಲ್ಲದೆ ನಿದ್ದೆಯಿಂದೆದ್ದ ಕೂಡಲೇ, ಉಂಡ ಸ್ವಲ್ಪ ಹೊತ್ತಿಗೆ, ಆಟ ಮುಗಿದೊಡನೆ. ರಾತ್ರಿ ಎರಡಕ್ಕೆ ಅಲಾರಂ. ನಾನೂ ನನ್ನಾಕೆಯೂ ಸರದಿ ಹಾಕಿಕೊಂಡಿದ್ದೆವು. ಕೂಸು ಸಾಕಿದವರಿಗೆ ಇದೇನೂ ಹೊಸದಲ್ಲ. ಕಣ್ಣಿಡಲಾಗದ ಹೊತ್ತಿನಲ್ಲಿ ಮರಿ ಎದ್ದು ನಿಂತು ತಿರುಗುವಷ್ಟು ಮಾತ್ರ ಜಾಗವಿರುವ ಕ್ರೇಟು. ದೊಡ್ಡದಾದರೆ ಒಂದು ಮೂಲೆಯನ್ನು ಬಚ್ಚಲು ಮಾಡಿಕೊಳ್ಳುತ್ತದೆ. ಹೊರಗೆ ಮಾಡಿದರೆ ಅಲ್ಲೇ, ಆ ಕ್ಷಣವೇ ಒಂದು ಚೂರು ತಿಂಡಿ. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನವಾಯಿತು. ಎಲ್ಲರೂ ಒಂದೇ ಮಾತು ಬಳಸಬೇಕು. ನಮ್ಮಲ್ಲಿ "ಒಂದಕ್ಕೆ ಹೋಗು" ಎನ್ನುತ್ತೇವೆ. ಹೀಗಾಗಿ ಮಕ್ಕಳು ಕನ್ನಡ ಮರೆತರೂ ನಾಯಿ ಮರೆತಿಲ್ಲ.

ಮಡಿಯ ವಿಚಾರ: ಜೂನ್ ಒಳಗೆ ಪೂರ್ತಿ ಕಲಿಯುತ್ತದೆ ಎನ್ನಲಾರೆ. ಚಿಕ್ಕ ಜಾತಿಗಳಿಗೆ ಆರು ತಿಂಗಳೂ ಹಿಡಿದೀತು. ದೇವರ ಮನೆಗೂ ಅಡಿಗೆ ಮನೆಗೂ ಮಕ್ಕಳ ಗೇಟು ಹಾಕಿ, ಅತ್ತೆಯವರಿಗೆ ಈಗಲೇ ಫೋನಿನಲ್ಲಿ ಹೇಳಿಬಿಡಿ.

ಲಸಿಕೆಗಳು ಮುಗಿಯುವವರೆಗೆ ಊರ ನಾಯಿಗಳೆಲ್ಲ ಬರುವ ಪಾರ್ಕು ಬೇಡ, ಪಾರ್ವೋ ರೋಗದ ಭಯವಿದೆ. ಸ್ವಂತ ಹಿತ್ತಿಲೇ ಸಾಕು. ನಮ್ಮ ಮಿಶಿಗನ್‌ನಲ್ಲಿ ಜನವರಿಯ ಹಿಮ ಈ ಮರಿಗಳ ತಲೆಗಿಂತ ಎತ್ತರ ಬೀಳುತ್ತದೆ. ಹುಲ್ಲು ಕಾಣುವಂತೆ ಒಂದು ಚಾಪೆಯಷ್ಟು ಜಾಗ ಸಲಿಕೆಯಿಂದ ಬಿಡಿಸಿಕೊಡಿ.

"ನೀರು, ಊಟ ಕಡಿಮೆ ಮಾಡಿ" ಎಂಬ ಸಲಹೆಯೂ ಊಟದ ಸಾಲಿನಲ್ಲೇ ಬಂತು. ದಯವಿಟ್ಟು ಬೇಡ. ಇಷ್ಟು ಚಿಕ್ಕ ಮರಿ ಹಸಿದರೆ ರಕ್ತದ ಸಕ್ಕರೆ ಬೇಗ ಇಳಿದು ಜೀವಕ್ಕೇ ಅಪಾಯ. ಇನ್ನು, ಕಲಿತಿದ್ದ ಮರಿ ಇದ್ದಕ್ಕಿದ್ದಂತೆ ಮತ್ತೆ ಮತ್ತೆ ಹನಿಹನಿಯಾಗಿ ಮಾಡತೊಡಗಿದರೆ ಸೋಂಕು ಇರಬಹುದು. ಆಗ ಬೇಕಾದದ್ದು ಪಶುವೈದ್ಯರು.